ಶಾಲೆಯ ಗೇಟು: ಬಂಡವಾಳ ವೆಚ್ಚವೋ, ನಿತ್ಯದ ಹೊಣೆಯೋ?

ಶಾಲಾ ಕಟ್ಟಡದ ಭದ್ರತೆಯೆಂದರೆ ಸಿ.ಸಿ. ಟಿ.ವಿ. ಕ್ಯಾಮೆರಾಗಳನ್ನು ಅಳವಡಿಸುವುದು ಎಂಬ ಭಾವನೆ ಆಡಳಿತ ಮಂಡಳಿಗಳಲ್ಲಿ ಬೇರೂರಿದೆ. ಕಾರಣ ಸರಳ. ಕ್ಯಾಮೆರಾ ಒಂದು ಸಲದ ಬಂಡವಾಳ ವೆಚ್ಚ. ಆಸ್ತಿ ಪಟ್ಟಿಯಲ್ಲಿ ಕಾಣುತ್ತದೆ, ಪ್ರವೇಶಾತಿಯ ಕರಪತ್ರದಲ್ಲಿಯೂ ಅಚ್ಚಾಗುತ್ತದೆ. ಕಾವಲುಗಾರನ ಸಂಬಳ, ಸಂದರ್ಶಕರ ವಹಿ, ಕ್ಯಾಮೆರಾಗಳ ವಾರ್ಷಿಕ ನಿರ್ವಹಣೆ ಇವೆಲ್ಲ ಪ್ರತಿವರ್ಷದ ಖರ್ಚು. ಆಯವ್ಯಯ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ. ಲೆಕ್ಕಪರಿಶೋಧಕರು ಕ್ಯಾಮೆರಾದ ಬಿಲ್ಲನ್ನು ಪರಿಶೀಲಿಸುತ್ತಾರೆಯೇ ಹೊರತು, ಅದರ ಪರದೆಯನ್ನು ಯಾರು ನೋಡುತ್ತಿದ್ದಾರೆಂದು ಕೇಳುವುದು ವಿರಳ.

ಅಪಾಯವು ಹೊರಗಿನಿಂದಲೇ ಬರುತ್ತದೆಂಬ ಎಣಿಕೆಯೂ ಪೂರ್ಣ ನಿಜವಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ ಬಂಧಿತರಾದವರು ಆ ಶಾಲೆಯ ಸಿಬ್ಬಂದಿಯೇ. 2017ರಲ್ಲಿ ಗುರುಗ್ರಾಮದ ಶಾಲೆಯ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಮೊದಲು ಬಸ್ ನಿರ್ವಾಹಕನನ್ನು ಬಂಧಿಸಲಾಯಿತು, ಅನಂತರ ಸಿ.ಬಿ.ಐ. ಅದೇ ಶಾಲೆಯ ವಿದ್ಯಾರ್ಥಿಯೊಬ್ಬನನ್ನು ಆರೋಪಿಯನ್ನಾಗಿಸಿತು. ಆದುದರಿಂದ ಪ್ರವೇಶ ನಿಯಂತ್ರಣವೆಂಬುದು ಹೊರಗೇಟಿನಲ್ಲಿ ಮುಗಿಯುವ ಕಾರ್ಯವಲ್ಲ. ಮಕ್ಕಳ ಶೌಚಾಲಯದತ್ತ ವಯಸ್ಕರಿಗೆ ದಾರಿ ಇದೆಯೇ, ಗುತ್ತಿಗೆ ನೌಕರರ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಲಾಗಿದೆಯೇ, ಖಾಲಿ ಕೊಠಡಿಗಳಿಗೆ ಬೀಗ ಬೀಳುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಹೆಚ್ಚಿನ ಹಣ ಬೇಡ, ಹೊಣೆ ಹೊತ್ತ ಒಬ್ಬ ವ್ಯಕ್ತಿ ಬೇಕು.

ಬೀಗದ ವಿಷಯದಲ್ಲಿ ಅತ್ಯುತ್ಸಾಹವೂ ಸಲ್ಲದು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯ ಹುಲ್ಲಿನ ಚಾವಣಿಗೆ ಬೆಂಕಿ ತಗುಲಿ 94 ಮಕ್ಕಳು ಅಸುನೀಗಿದರು. ಇಕ್ಕಟ್ಟಾದ ಮೆಟ್ಟಿಲಿನಿಂದ ಅವರಿಗೆ ಪಾರಾಗಲಾಗಲಿಲ್ಲ. ಈ ದುರಂತದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಶಾಲೆಗಳ ಅಗ್ನಿಸುರಕ್ಷೆಯ ಬಗ್ಗೆ ನಿರ್ದೇಶನ ನೀಡಿತು. ಹಿಂಬಾಗಿಲನ್ನು ಹೊರಗಿನವರಿಗೆ ಮುಚ್ಚಬೇಕು, ಒಳಗಿನವರಿಗೆ ಕ್ಷಣದಲ್ಲಿ ತೆರೆಯಬೇಕು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲುಗಳು ಮಾರುಕಟ್ಟೆಯಲ್ಲಿವೆ. ಅವನ್ನು ಬಿಟ್ಟು ಸರಪಳಿ ಸುತ್ತುವುದು ಅಗ್ಗದ ಅವಿವೇಕ.

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ಗಾಬರಿಗೊಂಡ ಪೋಷಕರು ಗೇಟಿನ ಮುಂದೆ ನೆರೆದಾಗ ಯಾವ ಮಗುವನ್ನು ಯಾರ ಕೈಗೆ ಒಪ್ಪಿಸಲಾಯಿತೆಂಬ ದಾಖಲೆ ಇರಿಸುವಷ್ಟು ಸಿದ್ಧತೆ ತಮ್ಮಲ್ಲಿದೆಯೇ ಎಂದು ಪ್ರತಿಯೊಂದು ಶಾಲೆಯೂ ಕೇಳಿಕೊಳ್ಳಬೇಕು.

ಹಣದ ಪ್ರಶ್ನೆಗೆ ಬಂದರೆ, ಪೂರ್ವ ಪ್ರಾಥಮಿಕದಿಂದ ಪದವಿಪೂರ್ವ ಹಂತದವರೆಗಿನ ಶಾಲೆಗಳಿಗೆ ಅಲ್ಲಿಯೇ ಒದಗಿಸುವ ಭದ್ರತಾ ಸೇವೆಗೆ ಜಿ.ಎಸ್.ಟಿ. ವಿನಾಯಿತಿಯಿದೆ. ಏಜೆನ್ಸಿಯು ಬಿಲ್ಲಿಗೆ ಶೇ. 18 ತೆರಿಗೆ ಸೇರಿಸಿದ್ದರೆ ಪ್ರಶ್ನಿಸಬೇಕು. ಕ್ಯಾಮೆರಾ ಖರೀದಿಗೆ ಈ ವಿನಾಯಿತಿಯಿಲ್ಲ. ಶಾಲಾ ಶುಲ್ಕವೇ ತೆರಿಗೆಮುಕ್ತವಾದ್ದರಿಂದ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಅಂದರೆ ತೆರಿಗೆ ನೀತಿಯು ಯಂತ್ರಕ್ಕಿಂತ ಮನುಷ್ಯನ ಕಡೆಗೇ ವಾಲಿದೆ! ಆದರೆ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯನ್ವಯ ಪರವಾನಗಿ ಇದೆಯೇ, ಕಾವಲುಗಾರರ ಭವಿಷ್ಯ ನಿಧಿ ಹಾಗೂ ಇ.ಎಸ್.ಐ. ವಂತಿಗೆ ಸಂದಾಯವಾಗುತ್ತಿದೆಯೇ ಎಂಬುದನ್ನು ನೋಡದೆ ಕನಿಷ್ಠ ದರಪಟ್ಟಿಗೆ ಸಹಿ ಹಾಕುವುದು ಸರಿಯಲ್ಲ.

ಸರ್ಕಾರಿ ಶಾಲೆಗಳ ಪಾಡು ಬೇರೆ. ಅನೇಕ ಕಡೆ ಆವರಣ ಗೋಡೆಯೇ ಇಲ್ಲ, ಇದ್ದಲ್ಲಿ ಕಾವಲುಗಾರನಿಲ್ಲ. ಕಂಪನಿ ಕಾಯ್ದೆ 2013ರ 135ನೇ ಕಲಮಿನಡಿ ಸದಸ್ಯ ಕಂಪನಿಗಳು ಶಿಕ್ಷಣಕ್ಕೆ ವ್ಯಯಿಸುವ ಹಣ ಇಲ್ಲಿಗೂ ಹರಿಯಬಹುದು. ಗೋಡೆಯ ಮೇಲೆ ಕಂಪನಿಯ ಹೆಸರು ಬರೆಸಬಹುದು, ಕಾವಲುಗಾರನ ಸಂಬಳದ ಮೇಲೆ ಬರೆಸಲಾಗದು. ದೇಣಿಗೆ ಗೋಡೆಗೇ ನಿಲ್ಲುವುದಕ್ಕೆ ಬಹುಶಃ ಇದೂ ಒಂದು ಕಾರಣ. ಮುಂದುವರಿಯುವ ಯೋಜನೆಯೆಂದು ನಿರ್ಣಯಿಸಿದರೆ, ಆರಂಭದ ವರ್ಷವನ್ನು ಬಿಟ್ಟು ಮೂರು ಹಣಕಾಸು ವರ್ಷಗಳವರೆಗೆ ವೆಚ್ಚ ಮಾಡಲು ನಿಯಮದಲ್ಲಿ ಅವಕಾಶವಿದೆ. ಗೋಡೆ, ಗೇಟು ಹಾಗೂ ಆ ಅವಧಿಯ ಕಾವಲುಗಾರನ ಸಂಬಳವನ್ನು ಒಂದೇ ಅಂದಾಜಿನಲ್ಲಿ ಸೇರಿಸಿ ನಿರ್ದೇಶಕ ಮಂಡಳಿಯ ಮುಂದಿಡಲು ಯಾವ ಅಡ್ಡಿಯೂ ಇಲ್ಲ.