ಧ್ಯಾನದ ಮೊದಲ ಮೆಟ್ಟಿಲು ಮತ್ತು ಸಿದ್ಧಿಯ ಮೋಹ

ಧ್ಯಾನವೆಂಬ ಶಬ್ದವು ಹಿಂದೆ ಮಠ, ಆಶ್ರಮಗಳ ಆವರಣದಲ್ಲಿಯೇ ಹೆಚ್ಚಾಗಿ ಕೇಳಿಬರುತ್ತಿತ್ತು. ಇಂದು ಅದು ವೈದ್ಯರ ಬಾಯಲ್ಲಿಯೂ ಅಧ್ಯಾಪಕರ ಬಾಯಲ್ಲಿಯೂ ಸಲೀಸಾಗಿ ಓಡಾಡುತ್ತಿದೆ. ವಿಶ್ವಸಂಸ್ಥೆಯು 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಆಸಕ್ತಿಯ ಬೆನ್ನಿಗೇ ಇನ್ನೊಂದು ಕುತೂಹಲವೂ ನಡೆದುಬರುತ್ತಿದೆ. ಧ್ಯಾನಕ್ಕೆ ಕುಳಿತರೆ ಮೂರನೆಯ ಕಣ್ಣು ತೆರೆಯುವುದೇ? ಪರರ ಮನಸ್ಸಿನಲ್ಲಿರುವುದು ತಿಳಿಯುವುದೇ? ಮುಂದಾಗಲಿರುವುದು ಮೊದಲೇ ಗೋಚರಿಸುವುದೇ? ತರುಣರು ಈ ಪ್ರಶ್ನೆಗಳನ್ನು ಕೇಳುತ್ತಾರೆ. ಹಿರಿಯರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವುದು ಸರಿಯಲ್ಲ. ಯಾಕೆಂದರೆ ಇದಕ್ಕೆ ಸಿಗುವ ಉತ್ತರದ ಮೇಲೆ ಎಷ್ಟೋ ಮನೆಗಳ ಹಣ, ಎಷ್ಟೋ ಎಳೆಯರ ಆರೋಗ್ಯ ನಿಂತಿದೆ. ಈ ತಿಂಗಳು ನಾವು ಎರಡನ್ನೂ ಜೊತೆಯಾಗಿಯೇ ವಿಚಾರಿಸೋಣ: ಹೊಸಬರು ಧ್ಯಾನವನ್ನು ಹೇಗೆ ಆರಂಭಿಸಬೇಕು ಎಂಬುದು ಒಂದು, ಸಿದ್ಧಿಗಳ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಇನ್ನೊಂದು.

ಕುಳಿತುಕೊಳ್ಳುವ ಬಗೆ

ಪತಂಜಲಿ ಮಹರ್ಷಿಯು ಯೋಗಕ್ಕೆ ಎಂಟು ಅಂಗಗಳನ್ನು ಹೇಳಿದನು: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಈ ಪಟ್ಟಿಯಲ್ಲಿ ಧ್ಯಾನವು ಏಳನೆಯದು ಎಂಬುದನ್ನು ಗಮನಿಸಬೇಕು. ಮೊದಲ ಅಂಗವಾದ ಯಮವೆಂದರೆ ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಬೇಡದ್ದನ್ನು ಕೂಡಿಡದಿರುವುದು. ಹಗಲೆಲ್ಲ ಸುಳ್ಳು ಹೇಳಿ, ನೆರೆಯವರೊಡನೆ ಜಗಳಾಡಿ, ಸಂಜೆ ಕಣ್ಣು ಮುಚ್ಚಿದರೆ ಮನಸ್ಸು ಆ ಸುಳ್ಳನ್ನೂ ಜಗಳವನ್ನೂ ತಾನೇ ತಂದು ಮುಂದಿಡುತ್ತದೆ. ಇದು ನೀತಿಬೋಧೆಯಲ್ಲ, ಅನುಭವದ ಮಾತು. ಹಾಗೆಂದು ಮೊದಲ ಆರು ಅಂಗಗಳು ಪೂರ್ಣವಾಗುವ ತನಕ ಕುಳಿತುಕೊಳ್ಳಬಾರದೆಂದು ಅರ್ಥವಲ್ಲ. ಕುಳಿತುಕೊಳ್ಳುತ್ತಲೇ ಅವು ತಿದ್ದಿಕೊಳ್ಳುತ್ತ ಬರುತ್ತವೆ.

ಇನ್ನು ವಿಧಾನ. ದಿನದಲ್ಲಿ ಹತ್ತು ನಿಮಿಷ ಸಾಕು. ಬೆಳಗಿನ ಜಾವ ಉತ್ತಮವೆಂದು ಹಿರಿಯರು ಹೇಳುವುದು ಆಗ ಮನೆಯೂ ಬೀದಿಯೂ ಮೌನವಾಗಿರುವುದರಿಂದ. ಮನೆಯ ಗೃಹಿಣಿಗೆ ಅಡುಗೆಮನೆಯ ಕೆಲಸಕ್ಕೆ ತೊಡಗುವ ಮೊದಲಿನ ಹತ್ತು ನಿಮಿಷವೇ ಬ್ರಾಹ್ಮೀಮುಹೂರ್ತ. ಊಟವಾದ ಕೂಡಲೇ ಕುಳಿತರೆ ನಿದ್ರೆ ಬರುತ್ತದೆ, ಅಷ್ಟೆ. ಚಾಪೆಯ ಮೇಲೆ ಕಂಬಳಿಯನ್ನು ಮಡಚಿ ಹಾಕಿ, ಸೊಂಟವು ಮೊಣಕಾಲಿಗಿಂತ ತುಸು ಎತ್ತರದಲ್ಲಿರುವಂತೆ ಕುಳಿತುಕೊಳ್ಳಬೇಕು. ಮೊಣಕಾಲು ನೋವಿರುವವರು ಕುರ್ಚಿಯಲ್ಲಿ ಕುಳಿತರೂ ಯಾವ ಊನವೂ ಇಲ್ಲ. ಪತಂಜಲಿಯು ಆಸನಕ್ಕೆ ಕೇಳಿದ್ದು ಎರಡೇ ಗುಣ: ಅಲುಗದಂತಿರಬೇಕು, ಸುಖವಾಗಿರಬೇಕು. ಬೆನ್ನು ನೇರವಾಗಿರಲಿ, ಬಿಗಿಯಾಗಿರುವುದು ಬೇಡ.

ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕು. ಉಸಿರನ್ನು ಎಳೆಯುವುದೂ ಬೇಡ, ತಡೆಯುವುದೂ ಬೇಡ. ಮೂಗಿನ ಹೊಳ್ಳೆಗಳಲ್ಲಿ ಅದು ತಣ್ಣಗೆ ಒಳಗೆ ಹೋಗುವುದನ್ನು, ತುಸು ಬೆಚ್ಚಗೆ ಹೊರಗೆ ಬರುವುದನ್ನು ತಿಳಿಯುತ್ತಿದ್ದರೆ ಸಾಕು. ಹೊರಗೆ ಬಿಟ್ಟಾಗ ಒಂದು, ಮತ್ತೆ ಬಿಟ್ಟಾಗ ಎರಡು, ಹೀಗೆ ಹತ್ತರ ತನಕ ಎಣಿಸಿ ಮರಳಿ ಒಂದರಿಂದ ತೊಡಗಬೇಕು. ನಾಮಜಪದಲ್ಲಿ ಶ್ರದ್ಧೆಯುಳ್ಳವರು ಎಣಿಕೆಯ ಬದಲು ಇಷ್ಟದೇವತೆಯ ನಾಮವನ್ನು ಹಿಡಿಯಬಹುದು. ನಮ್ಮ ಹೊಸದುರ್ಗದಲ್ಲಿ 1884ರಲ್ಲಿ ಹುಟ್ಟಿದ ಸ್ವಾಮಿ ರಾಮದಾಸರು ಆರಿಸಿಕೊಂಡದ್ದು ಆ ದಾರಿಯನ್ನೇ. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮವು ಸ್ಥಾಪಿತವಾದ ಮೇಲೆ ಅಲ್ಲಿಗೆ ಬಂದ ಪಂಡಿತರಿಗೂ ಪಾಮರರಿಗೂ ಅವರು ಕೊಟ್ಟದ್ದು ಒಂದೇ ರಾಮನಾಮ.

ಮೊದಲ ದಿನಗಳಲ್ಲಿ ಕಾಣುವುದು

ಆರಂಭದ ದಿನಗಳಲ್ಲಿ ಹತ್ತರ ತನಕ ಎಣಿಕೆ ಮುಟ್ಟುವುದೇ ಕಷ್ಟ. ನಾಲ್ಕು ಐದಕ್ಕೆ ಬರುವಷ್ಟರಲ್ಲಿ ಮನಸ್ಸು ಬ್ಯಾಂಕಿನ ಸಾಲಕ್ಕೋ ಮಗಳ ಪರೀಕ್ಷೆಗೋ ಹೋಗಿ ನಿಂತಿರುತ್ತದೆ. ಆಗ ಅನೇಕರು, ಧ್ಯಾನ ನಮಗೆ ಒಗ್ಗುವುದಿಲ್ಲ ಎಂದು ಎದ್ದುಬಿಡುತ್ತಾರೆ. ಆದರೆ ಕೆಲಸವೆಲ್ಲ ಇರುವುದು ಇಲ್ಲಿಯೇ. ಮನಸ್ಸು ಹೋಯಿತೆಂದು ತಿಳಿದ ಕ್ಷಣವೇ ಅದು ಮರಳಿದ ಕ್ಷಣ. ಬೈಯದೆ, ಬೇಸರಿಸದೆ, ಕಟ್ಟುಬಿಚ್ಚಿ ಹೋದ ಕರುವನ್ನು ಕರೆತರುವಂತೆ ಅದನ್ನು ಉಸಿರಿನ ಬಳಿಗೆ ತಂದರೆ ಮುಗಿಯಿತು. ಹತ್ತು ನಿಮಿಷದಲ್ಲಿ ನಲವತ್ತು ಬಾರಿ ಹೋಗಿ ನಲವತ್ತು ಬಾರಿ ಮರಳಿದರೆ, ನಲವತ್ತು ಬಾರಿ ಅಭ್ಯಾಸವಾಯಿತೆಂದೇ ಲೆಕ್ಕ. ಪತಂಜಲಿಯು ಧಾರಣ ಎಂದದ್ದು ಚಿತ್ತವನ್ನು ಒಂದೆಡೆಯಲ್ಲಿ ಹೀಗೆ ಕಟ್ಟುವುದನ್ನು. ಕಟ್ಟಿದ ಚಿತ್ತವು ಎಣ್ಣೆಯ ಧಾರೆಯಂತೆ ಎಡೆಬಿಡದೆ ಹರಿಯತೊಡಗಿದರೆ ಅದು ಧ್ಯಾನ. ನಾವು ಧ್ಯಾನಕ್ಕೆ ಕುಳಿತೆವೆಂದು ಹೇಳುವಾಗ ನಿಜವಾಗಿ ಮಾಡುತ್ತಿರುವುದು ಬಹುಕಾಲದ ತನಕ ಧಾರಣದ ಅಭ್ಯಾಸವೇ.

ಕೆಲವು ವಾರಗಳು ಕಳೆದ ಮೇಲೆ ಕೆಲವರಿಗೆ ಬೇರೆ ಅನುಭವಗಳು ಆರಂಭವಾಗುತ್ತವೆ. ಮುಚ್ಚಿದ ಕಣ್ಣೆದುರು ನೀಲಿಯ, ಹೊನ್ನಿನ ಬಣ್ಣದ ಬೆಳಕು ತೇಲುತ್ತದೆ. ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತದೆ. ದೇಹ ಹಗುರಾದಂತೆ, ಕೈಗಳು ಹಿಗ್ಗಿದಂತೆ ತೋರುತ್ತದೆ. ಸಿದ್ಧಿಯ ಮೋಹ ಹುಟ್ಟುವುದು ಈ ತಿರುವಿನಲ್ಲಿ. ವಾಸ್ತವದಲ್ಲಿ ಕತ್ತಲಲ್ಲಿಯೂ ಕಣ್ಣಿನ ಒಳಪದರ ಸುಮ್ಮನಿರುವುದಿಲ್ಲ; ಅದರ ಸಹಜ ಚಟುವಟಿಕೆಯೇ ಬೆಳಕಾಗಿ ಕಾಣುತ್ತದೆ. ನಿದ್ರೆ ಮತ್ತು ಎಚ್ಚರಗಳ ನಡುವಣ ಸಂಧಿಯಲ್ಲಿ ಆರೋಗ್ಯವಂತರಿಗೂ ರೂಪಗಳು ಕಾಣುತ್ತವೆ, ದನಿಗಳು ಕೇಳುತ್ತವೆ. ಅಲುಗದೆ ಕುಳಿತ ದೇಹದಿಂದ ಮಿದುಳಿಗೆ ಹೋಗುವ ಸುದ್ದಿ ಕಡಮೆಯಾದಾಗ ಕೈಕಾಲುಗಳ ಅಳತೆಯೇ ಬದಲಾದಂತೆ ಭಾಸವಾಗುತ್ತದೆ. ಇವು ಭಯಪಡುವ ವಿಷಯಗಳಲ್ಲ, ಹೆಮ್ಮೆಪಡುವ ವಿಷಯಗಳೂ ಅಲ್ಲ. ಪತಂಜಲಿಯು ಯೋಗಕ್ಕೆ ಅಡ್ಡಿಯಾಗುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ರೋಗ, ಸಂಶಯ, ಆಲಸ್ಯಗಳ ಸಾಲಿನಲ್ಲಿಯೇ ಭ್ರಾಂತಿದರ್ಶನವನ್ನೂ ಸೇರಿಸಿದ್ದಾನೆ ಎಂಬುದು ನೆನಪಿರಲಿ. ಬೆಳಕು ಕಂಡರೆ ಕಂಡಿತೆಂದು ತಿಳಿದು ಉಸಿರಿಗೆ ಮರಳುವುದು, ಸಾಲದ ಚಿಂತೆ ಬಂದಾಗ ಮರಳಿದಂತೆಯೇ.

ಸಿದ್ಧಿಗಳ ಬಗ್ಗೆ ಹಿರಿಯರು

ಹಾಗಾದರೆ ಶಾಸ್ತ್ರಗಳು ಸಿದ್ಧಿಯನ್ನು ಹೇಳುವುದಿಲ್ಲವೇ ಎಂದು ಕೇಳಬಹುದು. ಹೇಳುತ್ತವೆ. ಯೋಗಸೂತ್ರದ ನಾಲ್ಕು ಪಾದಗಳಲ್ಲಿ ಮೂರನೆಯದರ ಹೆಸರೇ ವಿಭೂತಿಪಾದ. ಪರಚಿತ್ತಜ್ಞಾನ, ಪೂರ್ವಜನ್ಮದ ಅರಿವು, ಅಣಿಮಾದಿ ಶಕ್ತಿಗಳು, ಎಲ್ಲವೂ ಅಲ್ಲಿವೆ. ಆದರೆ ಅದೇ ಪಾದದ ನಡುವೆ ಆ ಋಷಿಯು ನಿಂತು, ಇವು ಹೊರಮುಖವಾದ ಮನಸ್ಸಿಗೆ ಸಿದ್ಧಿಗಳಾಗಿ ಕಂಡರೂ ಸಮಾಧಿಗೆ ವಿಘ್ನಗಳೆಂದು ಎಚ್ಚರಿಸುತ್ತಾನೆ. ನಾಲ್ಕನೆಯ ಪಾದದ ಮೊದಲಲ್ಲಿ ಇನ್ನೂ ಒಂದು ಮಾತಿದೆ. ಸಿದ್ಧಿಗಳು ಹುಟ್ಟಿನಿಂದಲೂ ಔಷಧಿಯಿಂದಲೂ ಮಂತ್ರದಿಂದಲೂ ತಪಸ್ಸಿನಿಂದಲೂ ಸಮಾಧಿಯಿಂದಲೂ ಬರಬಹುದಂತೆ. ಇದರ ಅರ್ಥವನ್ನು ಬಿಡಿಸಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆಯೇ. ಸೊಪ್ಪು ಬೇರುಗಳಿಂದಲೂ ಬರಬಹುದಾದದ್ದು ಸಾಧನೆಯ ಅಳತೆಗೋಲಾಗಲಾರದು. ಒಬ್ಬನಲ್ಲಿ ಅಂಥದ್ದೊಂದು ಶಕ್ತಿ ಇದೆಯೆಂದೇ ಒಪ್ಪಿಕೊಂಡರೂ, ಅವನು ಜ್ಞಾನಿಯೆಂದು ಅದರಿಂದ ಸಿದ್ಧವಾಗುವುದಿಲ್ಲ.

ಬೌದ್ಧರ ವಿನಯಪಿಟಕದಲ್ಲಿಯೂ ಇದೇ ಧೋರಣೆ. ರಾಜಗೃಹದ ಶ್ರೇಷ್ಠಿಯೊಬ್ಬನು ಶ್ರೀಗಂಧದ ಪಾತ್ರೆಯನ್ನು ಎತ್ತರದ ಕಂಬದ ಮೇಲೆ ಕಟ್ಟಿಸಿ, ಶಕ್ತಿಯುಳ್ಳವನು ಇಳಿಸಿಕೊಳ್ಳಲೆಂದನಂತೆ. ಪಿಂಡೋಲ ಭಾರದ್ವಾಜನೆಂಬ ಭಿಕ್ಷು ಗಾಳಿಯಲ್ಲಿ ಏರಿ ಅದನ್ನು ತಂದನು. ಬುದ್ಧನು ಹೊಗಳಲಿಲ್ಲ. ಅವನನ್ನು ಕಟುವಾಗಿ ಗದರಿಸಿ, ಪಾತ್ರೆಯನ್ನು ಒಡೆಸಿ, ಗೃಹಸ್ಥರ ಮುಂದೆ ಅಂಥ ಪ್ರದರ್ಶನ ಕೂಡದೆಂದು ನಿಯಮವನ್ನೇ ಮಾಡಿದನೆಂದು ಕಥೆ.

ನಮ್ಮ ಕನ್ನಡದ ಸಾಕ್ಷಿಯೂ ಇದೆ. ಮಂಗಳೂರಿನ ಕದ್ರಿಗೆ ಹೋದವರು ಅಲ್ಲಿನ ಜೋಗಿಮಠವನ್ನು ನೋಡಿರುತ್ತಾರೆ. ಅದು ಗೋರಕ್ಷನ ನಾಥಪಂಥದ ನೆಲೆ. ಆ ಗೋರಕ್ಷನು ಅಲ್ಲಮಪ್ರಭುವನ್ನು ಎದುರ್ಗೊಂಡ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಸಾಧನೆಯಿಂದ ವಜ್ರಕಾಯವನ್ನು ಪಡೆದಿದ್ದ ಗೋರಕ್ಷನು ತನ್ನನ್ನು ಕಡಿದು ನೋಡೆಂದು ಕತ್ತಿ ಕೊಟ್ಟನು. ಪ್ರಭುವು ಹೊಡೆದಾಗ ಕತ್ತಿ ಖಣಿಲೆಂದಿತು, ರೋಮವೂ ಕೊಂಕಲಿಲ್ಲ. ಬಳಿಕ ಗೋರಕ್ಷನು ಪ್ರಭುವಿನ ಮೇಲೆ ಬೀಸಿದ ಕತ್ತಿಯು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು, ಯಾವುದಕ್ಕೂ ತಾಗಲಿಲ್ಲ. ಗಟ್ಟಿಯಾದ ದೇಹವೆಂದರೆ ಗಟ್ಟಿಯಾದ ನಾನು ಎಂಬುದೇ ಎಂದು ಗೋರಕ್ಷನಿಗೆ ಆಗ ಅರಿವಾಯಿತು. ಇದು ನಡೆದ ಚರಿತ್ರೆಯೋ ಕವಿಕಲ್ಪನೆಯೋ ಎಂಬ ಚರ್ಚೆ ಬೇಡ. ಸಿದ್ಧಿಯನ್ನು ಸಾಧಿಸಿದವನನ್ನು ಕೂಡ ಇನ್ನೂ ದಾರಿಯಲ್ಲಿರುವವನೆಂದೇ ನಮ್ಮ ಹಿರಿಯರು ಎಣಿಸಿದರು ಎಂಬುದು ಇಲ್ಲಿ ಮುಖ್ಯ.

ಪ್ರಯೋಗಶಾಲೆ ಹೇಳಿದ್ದು

ವಿಜ್ಞಾನವು ಈ ವಿಷಯವನ್ನು ಮುಟ್ಟಿಯೇ ನೋಡಲಿಲ್ಲವೆಂದು ಕೆಲವರು ಆಕ್ಷೇಪಿಸುತ್ತಾರೆ. ಅದು ನಿಜವಲ್ಲ. ಜರ್ಮನಿಯ ಹಾನ್ಸ್ ಬರ್ಗರ್ ಎಂಬವನು ತರುಣನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ತೋಪಿನ ಗಾಡಿಯ ಚಕ್ರಕ್ಕೆ ಸಿಗುವುದರಿಂದ ಕೂದಲೆಳೆಯಲ್ಲಿ ಪಾರಾದನು. ಅಂದು ಸಂಜೆಯೇ ತಂದೆಯ ತಂತಿ ಬಂತು. ದೂರದ ಊರಿನಲ್ಲಿದ್ದ ಅಕ್ಕನಿಗೆ, ತಮ್ಮನಿಗೇನೋ ಆಪತ್ತು ಬಂದಿದೆಯೆಂದು ತೋರಿತ್ತಂತೆ. ಮನಸ್ಸು ಮನಸ್ಸಿಗೆ ಸುದ್ದಿ ಕಳುಹಿಸುತ್ತದೆಯೆಂದು ನಂಬಿದ ಬರ್ಗರ್ ವೈದ್ಯನಾದನು; ಆ ಶಕ್ತಿಯ ಮೂಲವನ್ನು ಮಿದುಳಿನಲ್ಲಿ ಹುಡುಕತೊಡಗಿದನು. 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಇಂದು ಅಪಸ್ಮಾರದ ರೋಗಿಗೆ ವೈದ್ಯರು ಮಾಡಿಸುವ ಇ.ಇ.ಜಿ. ಪರೀಕ್ಷೆ ಹುಟ್ಟಿದ್ದು ಹೀಗೆ. ಆದರೆ ತಮ್ಮನಿಂದ ಅಕ್ಕನಿಗೆ ಸುದ್ದಿ ಒಯ್ಯುವ ಅಲೆ ಬರ್ಗರನಿಗೆ ಸಿಗಲಿಲ್ಲ. ತಲೆಯ ಹೊರಗೆ ಇಷ್ಟೊಂದು ಕ್ಷೀಣವಾಗಿರುವ ವಿದ್ಯುತ್ತು ಊರು ದಾಟಿ ಹೋಗಲಾರದೆಂದು ಆ ಯಂತ್ರವೇ ತೋರಿಸಿತು.

ಅದೇ ಯಂತ್ರವು ಧ್ಯಾನದ ಪಾಲಿಗೆ ಒಳ್ಳೆಯ ಸಾಕ್ಷಿ ನುಡಿಯಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನಸ್ಥ ಯೋಗಿಗಳ ಮಿದುಳಿನಲ್ಲಿ ವಿಶ್ರಾಂತಿಯ ಲಕ್ಷಣವಾದ ಆಲ್ಫಾ ಅಲೆಗಳು ಎದ್ದು ಕಂಡವು. ಇವು ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಅಲೆಗಳು. ಸದ್ದು ಬೆಳಕುಗಳು ಕೂಡ ಅವನ್ನು ಕದಡಲಿಲ್ಲ. ಅದೇ ವರ್ಷ ಆನಂದ್ ಅವರು ಅಮೆರಿಕದ ವೆಂಗರ್ ಮತ್ತು ಬಾಗ್ಚಿಯವರೊಡನೆ, ಹೃದಯವನ್ನು ನಿಲ್ಲಿಸುತ್ತೇವೆನ್ನುವ ಯೋಗಿಗಳ ಪರೀಕ್ಷೆಯನ್ನೂ ಪ್ರಕಟಿಸಿದರು. ಉಸಿರು ಕಟ್ಟಿ ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ. ಯಂತ್ರದಲ್ಲಿ ಮಾತ್ರ ಹೃದಯ ಬಡಿಯುತ್ತಲೇ ಇತ್ತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆ. ಬಿ. ರೈನ್ 1930ರ ದಶಕದಲ್ಲಿ ಐದು ಚಿಹ್ನೆಗಳುಳ್ಳ 25 ಕಾರ್ಡುಗಳಿಂದ ಪರಚಿತ್ತಜ್ಞಾನವನ್ನು ಪರೀಕ್ಷಿಸಿದನು. ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಯಾಗುತ್ತವೆ. ಅದಕ್ಕಿಂತ ಹೆಚ್ಚು ಬಂದಿತೆಂದು ರೈನ್ ಹೇಳಿದರೂ, ಕಟ್ಟುನಿಟ್ಟಾದ ಏರ್ಪಾಡಿನಲ್ಲಿ ಇತರರಿಗೆ ಆ ಫಲ ಸಿಗಲಿಲ್ಲ. ದೂರದರ್ಶನಶಕ್ತಿಯಿಂದ ಬೇಹುಗಾರಿಕೆ ಮಾಡಿಸಲು ಹೊರಟ ಅಮೆರಿಕ ಸರಕಾರವು ಕೂಡ, ಅದರಿಂದ ಉಪಯೋಗವಿಲ್ಲವೆಂದು 1995ರಲ್ಲಿ ಆ ಕಾರ್ಯಕ್ರಮವನ್ನು ಮುಚ್ಚಿತು.

ಹಾಗಿದ್ದರೆ ನಮಗಾಗುವ ಅನುಭವಗಳು? ಗಲ್ಫಿನಲ್ಲಿರುವ ಮಗನನ್ನು ತಾಯಿ ನೆನೆಯುತ್ತಿರುವಾಗಲೇ ಅವನ ಫೋನು ಬರುತ್ತದೆ. ಅದು ಪ್ರೀತಿಯ ಕ್ಷಣ, ನಿಜ. ಆದರೆ ಆ ತಾಯಿ ದಿನಕ್ಕೆ ಎಷ್ಟು ಬಾರಿ ಅವನನ್ನು ನೆನೆದಳು, ಎಷ್ಟು ಬಾರಿ ಫೋನು ಬರಲಿಲ್ಲ ಎಂಬುದನ್ನು ಬರೆದಿಟ್ಟವರಿಲ್ಲ. ತಾಳೆಯಾದದ್ದು ನೆನಪಿನಲ್ಲಿ ಉಳಿಯುತ್ತದೆ, ಆಗದ್ದು ಉದುರಿಹೋಗುತ್ತದೆ. ಧ್ಯಾನ ಮಾಡುವವನು ಎದುರಿಗಿರುವವನ ಮುಖ, ದನಿ, ಮೌನಗಳನ್ನು ಹೆಚ್ಚು ಗಮನಿಸಿ ಅವನ ಮನಸ್ಸನ್ನು ಊಹಿಸಬಲ್ಲನು ಎಂಬುದನ್ನು ಒಪ್ಪಬಹುದು. ಅದು ಅತೀಂದ್ರಿಯವಲ್ಲ, ಇಂದ್ರಿಯಗಳನ್ನು ಸರಿಯಾಗಿ ಬಳಸಿದ ಫಲ.

ಮನೆಯವರು ತಿಳಿದಿರಬೇಕಾದ್ದು

ಯಾರಾದರೂ ನಿಗದಿಯಾದ ಹಣಕ್ಕೆ, ನಿಗದಿಯಾದ ದಿನಗಳಲ್ಲಿ ಮೂರನೆಯ ಕಣ್ಣು ತೆರೆಸುತ್ತೇವೆಂದರೆ, ಕಣ್ಣು ಕಟ್ಟಿದ ಮಗುವಿನಿಂದ ಪುಸ್ತಕ ಓದಿಸುತ್ತೇವೆಂದರೆ, ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಬಟ್ಟೆ ಕಟ್ಟಿದರೂ ಮೂಗಿನ ಬದಿಯ ಸಂದಿಯಿಂದ ಕೆಳಗೆ ಕಾಣುತ್ತದೆಂಬುದನ್ನು ಯಾರೂ ಮನೆಯಲ್ಲೇ ಪರೀಕ್ಷಿಸಬಹುದು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು, ಪ್ರಶ್ನಿಸುವ ಧೈರ್ಯವನ್ನು ನಮ್ಮ ಜನರಿಗೆ ಕೊಡುವುದಕ್ಕಾಗಿಯೇ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಮನೆಯ ತರುಣನೊಬ್ಬನು ಧ್ಯಾನಕ್ಕೆ ತೊಡಗಿದ ಬಳಿಕ ಅನೇಕ ರಾತ್ರಿ ನಿದ್ರಿಸದಿದ್ದರೆ, ಊಟ ಬಿಟ್ಟರೆ, ತನಗೆ ಮಾತ್ರ ಕೇಳುವ ದನಿಗಳು ಅಪ್ಪಣೆ ಕೊಡುತ್ತಿವೆಯೆಂದರೆ, ಅದನ್ನು ಶಕ್ತಿಪಾತವೆಂದು ಕೈಮುಗಿಯಬಾರದು. ಅಭ್ಯಾಸವನ್ನು ನಿಲ್ಲಿಸಿ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಬೇಗ ಚಿಕಿತ್ಸೆ ದೊರೆತರೆ ಗುಣವಾಗುವ ಸಂಭವ ಹೆಚ್ಚು; ತಿಂಗಳುಗಟ್ಟಲೆ ತಡವಾದರೆ ಒಂದು ಬದುಕೇ ದಾರಿ ತಪ್ಪೀತು. ಮೊದಲೇ ಮಾನಸಿಕ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ದೀರ್ಘ ಧ್ಯಾನಶಿಬಿರಗಳಿಗೆ ಹೋಗುವುದು ಬೇಡ. ರಕ್ತದೊತ್ತಡದ, ಅಪಸ್ಮಾರದ ಮಾತ್ರೆಗಳನ್ನು ಧ್ಯಾನದ ಭರವಸೆಯಿಂದ ನಿಲ್ಲಿಸುವುದಂತೂ ಕೂಡಲೇ ಕೂಡದು.

ಇಷ್ಟೆಲ್ಲ ಹೇಳಿದ ಮೇಲೆ, ಕುಳಿತದ್ದರಿಂದ ಏನಾದರೂ ಆಯಿತೇ ಎಂದು ತಿಳಿಯುವ ಬಗೆ ಯಾವುದು? ಅದನ್ನು ಕಣ್ಣು ಮುಚ್ಚಿದಾಗ ನೋಡಬಾರದು, ಕಣ್ಣು ತೆರೆದ ಮೇಲೆ ನೋಡಬೇಕು. ಸಿಟ್ಟು ಬರುವುದಕ್ಕೂ ಕೈ ಎತ್ತುವುದಕ್ಕೂ ನಡುವೆ ಒಂದು ಉಸಿರಿನಷ್ಟು ಎಡೆ ಸಿಕ್ಕಿತೇ? ಸೊಸೆಯ ಮಾತನ್ನು ಅತ್ತೆ ಕೊನೆಯ ತನಕ ಕೇಳಿದಳೇ? ನೆರೆಯವನ ತೋಟ ಫಲ ಬಿಟ್ಟಾಗ ಹೊಟ್ಟೆ ಉರಿಯುವುದು ಕಡಮೆಯಾಯಿತೇ? ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಒಳ್ಳೆಯವರಲ್ಲಿ ಸಂತೋಷ, ಕೆಟ್ಟವರಲ್ಲಿ ಉಪೇಕ್ಷೆ ಎಂದು ಪತಂಜಲಿಯು ಚಿತ್ತದ ಪ್ರಸನ್ನತೆಗೆ ಹೇಳಿದ ನಾಲ್ಕು ಭಾವನೆಗಳಿಗೆ ಇಂಥ ದಿನನಿತ್ಯದ ಮನೆಯೇ ಪರೀಕ್ಷಾಸ್ಥಳ.

ಓದುಗರು ಮುಂದಿನ ಸಂಚಿಕೆ ಕೈಸೇರುವ ತನಕ ದಿನವೂ ಹತ್ತೇ ನಿಮಿಷ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕುಳಿತು ನೋಡಲಿ. ಬಹುಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ನೆಲೆಯೂರುವುದೆಂದು ಹಿರಿಯರು ಹೇಳಿದ್ದಾರೆ. ಒಂದು ತಿಂಗಳು ಅದರ ಆರಂಭಕ್ಕೆ ಸಾಕು. ಕುಳಿತವರಿಗೆ ಏಳುವ ಸಂದೇಹಗಳನ್ನು, ಮುಖ್ಯವಾಗಿ ನಿದ್ರೆ ಮತ್ತು ಚಂಚಲತೆಗಳನ್ನು, ಮುಂದಿನ ತಿಂಗಳು ಇಲ್ಲಿಯೇ ವಿಚಾರಿಸೋಣ.