ಅಡಿಗೆ ಇಲ್ಲದ ಬಾರಿನಲ್ಲಿ ನಾಯಿಗೆ ಜಾಗ, ಆಳಿಗೆ?



ಹಿಂದೆ ಗಿರಣಿಗಳ ಭೋಂಗಾ ಕೂಗುತ್ತಿದ್ದ ಲೋವರ್ ಪರೇಲಿನಲ್ಲಿ ಇಂದು ಬಾರುಗಳ ದೀಪ ಉರಿಯುತ್ತಿದೆ. ಈ ನಗರದಲ್ಲಿ ಗಿರಾಕಿಯ ಜೊತೆಗೆ ಅವನ ನಾಯಿಯನ್ನೂ ಸ್ವಾಗತಿಸುವ ಬಾರುಗಳಿವೆ. “ನಮ್ಮಲ್ಲಿ ಅಡಿಗೆಯೇ ಇಲ್ಲ, ಬರೀ ಸೀಸೆ, ಗ್ಲಾಸು. ನಾಯಿ ಬಂದರೆ ಯಾರಿಗೇನು ನಷ್ಟ?” ಎಂಬುದು ಇದಕ್ಕೆ ಕೊಡುವ ಸಮರ್ಥನೆ.

ನಾವು ನಾಯಿದ್ವೇಷಿಗಳಲ್ಲ. ಊರಿನ ಅಂಗಳ ಕಾಯುವ ನಾಯಿಗೆ ತುತ್ತು ಹಾಕಿಯೇ ಬೆಳೆದವರು. ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿಯನ್ನು ತಡೆಯಿರೆಂದೂ ಹೇಳೆವು. ಆದರೆ ಈ ವಾದ ಪೊಳ್ಳು.

2006ರ ಆಹಾರ ಸುರಕ್ಷತಾ ಕಾಯಿದೆಯನ್ನು ತೆರೆದು ನೋಡಿ. ಆಹಾರವೆಂದರೆ ಮದ್ಯವೂ ಸೇರಿತೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಒಲೆ ಹಚ್ಚದ ಮಾತ್ರಕ್ಕೆ ಬಾರು ಆಹಾರದ ಅಂಗಡಿಯಲ್ಲ ಎನ್ನುವಂತಿಲ್ಲ. 2011ರ ಪರವಾನಗಿ ನಿಯಮಗಳ 4ನೇ ಅನುಸೂಚಿಯು ಸಾಕುಪ್ರಾಣಿಗಳನ್ನು ಇಂಥ ಜಾಗಕ್ಕೆ ಬಿಡಬಾರದೆನ್ನುತ್ತದೆ. ಅಡಿಗೆ ಇಲ್ಲ ನಿಜ. ಐಸು ತುಂಬುವ, ಲಿಂಬೆ ಹೋಳು ಮಾಡುವ, ಕಡಲೆ ಬಟ್ಟಲು ಇಡುವ ಕೈ ಇಲ್ಲವೇ? ಅದೇ ಕೈ ನಾಯಿಯ ಮೂತ್ರವನ್ನೂ ಒರೆಸಬೇಕೇ?

ಇಂಗ್ಲೆಂಡಿನ ಪಬ್ಬುಗಳನ್ನು ನೋಡಿ ಎನ್ನುತ್ತಾರೆ. ನೋಡಿದ್ದೇವೆ. ಅಲ್ಲಿ ಗಿರಾಕಿ ಕೂರುವೆಡೆ ನಾಯಿ ಇರಬಹುದು; ಆಹಾರ ತಯಾರಿಸುವ, ದಾಸ್ತಾನಿಡುವ ಜಾಗದಿಂದ ಅದನ್ನು ದೂರವಿಡಲೇಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ 2014ರಲ್ಲಿ ಮಾಡಿದ ಕಾಯಿದೆ ನಾಯಿಯನ್ನು ಬಿಟ್ಟದ್ದು ಹೋಟೆಲಿನ ಹೊರಾಂಗಣಕ್ಕೆ ಮಾತ್ರ. ಅದಕ್ಕೂ ಸರಪಳಿ ಬೇಕು, ಕುರ್ಚಿ ಹತ್ತಕೂಡದು, ಬಡಿಸುವವನು ಅದನ್ನು ಮುಟ್ಟಕೂಡದು. ನಮ್ಮವರು ಪರದೇಶದ ಶೋಕಿಯನ್ನು ತಂದರು, ಶಿಸ್ತನ್ನು ಅಲ್ಲಿಯೇ ಬಿಟ್ಟು ಬಂದರು.

ಇನ್ನು ಜೀವದ ಪ್ರಶ್ನೆ. ಮಬ್ಬು ದೀಪದಲ್ಲಿ, ಕೈಯಲ್ಲಿ ಟ್ರೇ ಹಿಡಿದು ಓಡುವ ಸಪ್ಲಾಯರನ ಕಾಲು ಮೇಜಿನಡಿಯ ಬಾಲದ ಮೇಲೆ ಬಿದ್ದರೆ ಕಚ್ಚಿಸಿಕೊಳ್ಳುವವನು ಮಾಲಿಕನಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ದುರ್ಲಭ. ಕಚ್ಚಿದ ಕೂಡಲೇ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಅದೂ ಒಂದಲ್ಲ, ಹಲವು ಸಲ. ಆ ದಿನಗಳ ಕೂಲಿ ಯಾರು ಕೊಡುವರು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!

ನಮ್ಮ ಬೇಡಿಕೆ ನೇರವಾಗಿದೆ. ಇರುವ ನಿಯಮವನ್ನು ಜಾರಿ ಮಾಡಿ. ಬದಲಿಸುವುದಾದರೆ ನಾಯಿ ಸಾಕಿದವರನ್ನೂ ಮಾಲಿಕರನ್ನೂ ಕೇಳುವ ಮೊದಲು ನೆಲ ಒರೆಸುವವನನ್ನು ಕೇಳಿ. ಲಸಿಕೆಯ ಚೀಟಿ ಬಾಗಿಲಲ್ಲೇ ತೋರಿಸಲಿ. ಹೊಲಸನ್ನು ನಾಯಿಯ ಒಡೆಯನೇ ಎತ್ತಲಿ. ಕಚ್ಚಿದರೆ ಔಷಧದ ಖರ್ಚೂ ಕೂಲಿಯೂ ಮಾಲಿಕರ ತಲೆಯ ಮೇಲಿರಲಿ. ಇಷ್ಟಕ್ಕೆ ಒಪ್ಪದವರು ನಾಯಿಯ ಮೇಲಿನ ಪ್ರೀತಿಯ ಮಾತಾಡುವುದು ಬೇಡ. ಅದು ಗಲ್ಲಾಪೆಟ್ಟಿಗೆಯ ಮೇಲಿನ ಪ್ರೀತಿ.

ನಾಯಿಗೆ ನೀರಿನ ಬಟ್ಟಲು ಇಡುವವರು, ಅದನ್ನು ತುಂಬುವವನೂ ಮನುಷ್ಯನೆಂಬುದನ್ನು ಮರೆಯದಿರಲಿ.