ಗ್ರಾಫಿನ ಕೆಳಗೆ ಕನ್ನಡ ಏಕಿಲ್ಲ?



ನಮ್ಮ ಪ್ರೆಸ್ಸಿಗೆ ಬರುವ ಕರಪತ್ರ, ಸ್ಮರಣ ಸಂಚಿಕೆಗಳಲ್ಲಿ ಒಂದು ವಿಚಿತ್ರ ನೋಡುತ್ತಿದ್ದೇನೆ. ಬರಹವೆಲ್ಲ ಕನ್ನಡ. ನಡುವೆ ಕೂರಿಸಿದ ಗ್ರಾಫ್ ಮಾತ್ರ ಅಪ್ಪಟ ಇಂಗ್ಲಿಷ್! ವಾರ್ಡಿನ ನೀರಿನ ಲೆಕ್ಕ ಯಾರಿಗಾಗಿ? ನಲ್ಲಿ ಮುಂದೆ ಕೊಡ ಹಿಡಿದು ನಿಂತ ತಾಯಿಗೆ ಅಲ್ಲವೇ? ಆಕೆ ಓದಬಲ್ಲ ಒಂದಕ್ಷರವೂ ಅದರಲ್ಲಿಲ್ಲ. ಕೇಳಿದರೆ, "ಸಾರ್, ಪೈಥಾನ್‌ನಲ್ಲಿ ಕನ್ನಡ ಬರೋಲ್ಲ" ಎಂಬ ಉತ್ತರ.

ನಾನು ಓದಿದ್ದು ಪಿಯುಸಿ. ಆದರೆ ಅಕ್ಷರ ಒಡೆದರೆ ಯಾಕೆ ಒಡೆಯಿತೆಂದು ಹುಡುಕುವುದು ನನ್ನ ಹೊಟ್ಟೆಪಾಡು. ಹುಡುಕಿದೆ.

ಪೈಥಾನ್‌ನಲ್ಲಿ ಗ್ರಾಫ್ ಬಿಡಿಸಲು ಬಹಳ ಜನ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ೨೦೦೩ರಲ್ಲಿ ಅಮೆರಿಕದ ಜಾನ್ ಹಂಟರ್ ಹೊರತಂದದ್ದು. ಅದರ ಜೊತೆಗೇ ಬರುವ ಡೆಜಾವು ಫಾಂಟಿನಲ್ಲಿ ಕನ್ನಡ ಇಲ್ಲ, ಅದಕ್ಕೇ ಖಾಲಿ ಚೌಕಗಳು. ಕನ್ನಡ ಫಾಂಟ್ ಹಾಕಿದರೋ, ಅಕ್ಷರ ಬರುತ್ತದೆ, ಒತ್ತು ಬರುವುದಿಲ್ಲ. 'ಅಕ್ಕ' ಹೋಗಿ 'ಅಕ್‌ಕ' ಆಗುತ್ತದೆ! 'ಕರ್ನಾಟಕ'ದ ಅರ್ಕಾವತ್ತು ತನ್ನ ಜಾಗಕ್ಕೆ ಹೋಗುವುದೇ ಇಲ್ಲ. ಯೂನಿಕೋಡಿನಲ್ಲಿ ಕನ್ನಡ ಉಚ್ಚಾರದ ಕ್ರಮದಲ್ಲಿ ಸಾಲಾಗಿ ಕೂತಿರುತ್ತದೆ: ಕ, ಹಲಂತ, ಕ. ಅದನ್ನು ನೋಡಿ ಒತ್ತು ಕೂರಿಸುವುದು ಹಾರ್ಫ್‌ಬಜ್‌ನಂಥ ತಂತ್ರಾಂಶದ ಕೆಲಸ. ೨೦೨೪ರ ಡಿಸೆಂಬರಿನಲ್ಲಿ ಬಂದ ೩.೧೦ ಆವೃತ್ತಿಯಲ್ಲೂ ಮ್ಯಾಟ್‌ಪ್ಲಾಟ್‌ಲಿಬ್ ಆ ಕೆಲಸ ಮಾಡಿಸಲಿಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಹೊಸ ಹುಡುಗ ಇಂಥ ತಪ್ಪು ಮಾಡಿದ್ದರೆ ಫೋರ್‌ಮನ್ ಕಿವಿ ಹಿಂಡುತ್ತಿದ್ದ.

ಹಾಗೆಂದು ಇಂಗ್ಲಿಷಿನಲ್ಲೇ ಬರೆಯಿರೆಂದು ಯಾರೂ ಬೆತ್ತ ಹಿಡಿದು ನಿಂತಿಲ್ಲ. ಹತ್ತಿಪ್ಪತ್ತು ಸಾಲಿನ ಒಂದು ಸಹಾಯಕ ಫಂಕ್ಷನ್ ಬರೆದಿಟ್ಟುಕೊಂಡರೆ ಪ್ರತಿಸಲ ಹೆಣಗಬೇಕಿಲ್ಲ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಹಾಕಿ. ಚಿತ್ರವನ್ನು ಎಸ್‌ವಿಜಿ ಕಡತವಾಗಿ ಉಳಿಸಿ, ಅದರ ಫಾಂಟ್‌ಟೈಪ್ ಎಂಬಲ್ಲಿ 'ನನ್' ಎಂದು ಕೊಡಿ. ಆಗ ಅಕ್ಷರ ಗೆರೆಗಳಾಗದೆ ಅಕ್ಷರವಾಗಿಯೇ ಉಳಿಯುತ್ತದೆ. ಬ್ರೌಸರಿನಲ್ಲೋ ಇಂಕ್‌ಸ್ಕೇಪಿನಲ್ಲೋ ತೆರೆದಾಗ ಒತ್ತು ತಾನೇ ಕೂರುತ್ತದೆ. (ಪ್ರೆಸ್ಸಿಗೆ ತರುವಾಗ ಅಲ್ಲಿಂದ ಪಿಡಿಎಫ್ ಮಾಡಿ ತನ್ನಿ. ಆ ಫಾಂಟ್ ಪ್ರೆಸ್ಸಿನವರಲ್ಲಿ ಇಲ್ಲದಿದ್ದರೆ ಮತ್ತೆ ಫಜೀತಿ!) ಪಿಎನ್‌ಜಿಯೇ ಬೇಕೆಂದರೆ ಎಂಪಿಎಲ್‌ಕೈರೊ ಎಂಬುದನ್ನು ಬೇರೆಯಾಗಿ ಹಾಕಿಕೊಳ್ಳಬಹುದು, ಅದಕ್ಕೆ ಒತ್ತಕ್ಷರ ಗೊತ್ತು. ಪಕ್ಕದ ಅಂಕಿಗಳಿಗೆ ಫಂಕ್‌ಫಾರ್ಮ್ಯಾಟರ್ ಇದೆ. ಸೊನ್ನೆಯಿಂದ ಒಂಬತ್ತರವರೆಗೆ ಯಾವುದಕ್ಕೆ ಯಾವುದೆಂದು ಒಮ್ಮೆ ಹೇಳಿಕೊಟ್ಟರೆ ೨೦, ೪೦, ೬೦ ಎಂದು ಬರೆಯುತ್ತದೆ.

ಇನ್ನೊಂದು ಸಂಗತಿ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ೨೦೦೮ರ ಪೈಥಾನ್ ೩ರಿಂದ ಫಂಕ್ಷನ್ನಿನ ಹೆಸರನ್ನೂ ಕನ್ನಡದಲ್ಲೇ ಇಡಬಹುದು. 'ಕಂಬಚಿತ್ರ' ಎಂದು ಹೆಸರಿಟ್ಟು ಕರೆಯಿರಿ, ಓಗೊಡುತ್ತದೆ. '೧೨೩' ಎಂದು ಕನ್ನಡದಲ್ಲಿ ಬರೆದು ಇಂಟ್‌ಗೆ ಕೊಡಿ, ಸರಿಯಾದ ಸಂಖ್ಯೆಯಾಗಿ ಓದುತ್ತದೆ. ಯಂತ್ರಕ್ಕಿಲ್ಲದ ಸಂಕೋಚ ನಮ್ಮ ಎಂಜಿನಿಯರುಗಳಿಗೆ ಏತಕ್ಕೋ!

ಬೆಂಗಳೂರಿನ ಕಂಪನಿಗಳಲ್ಲಿ ಕೂತು ಪರದೇಶದವರ ಲೆಕ್ಕಕ್ಕೆ ದಿನವಿಡೀ ಗ್ರಾಫ್ ಬಿಡಿಸುವವರು ನೀವು. ನಿಮಗೆ ಇದು ಒಂದು ಭಾನುವಾರದ ಕೆಲಸ. ಒಬ್ಬರು ಬರೆದು ಎಲ್ಲರಿಗೂ ಬಿಟ್ಟುಕೊಡಿ. ಮೊದಲ ಗ್ರಾಫಿಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಡಿ. ನಿಮ್ಮ ಬೀದಿಯ ಕನ್ನಡ ಶಾಲೆಯಲ್ಲಿ ಹತ್ತು ವರ್ಷದ ಹಿಂದೆ ಎಷ್ಟು ಮಕ್ಕಳಿದ್ದರು, ಈಗ ಎಷ್ಟು ಉಳಿದಿದ್ದಾರೆ ಎಂದು ಹೋಗಿ ಹೆಡ್‌ಮಾಸ್ತರರನ್ನು ಕೇಳಿ.